ಹದಿನಾಲ್ಕು ದಿನ ಮನೆ ನೋಡುವವರು ಯಾರು?

ಮಗು ಬಡಕಲಾಗಿದೆ ಎಂದರೆ ನಮ್ಮ ಊರುಕೇರಿಗಳಲ್ಲಿ ಸಿಗುವ ಉತ್ತರಗಳು ನಿಮಗೆ ಗೊತ್ತೇ ಇವೆ: ‘ದೃಷ್ಟಿ ತಾಕಿದೆ’, ‘ಹಲ್ಲು ಬರುತ್ತಿದೆಯಲ್ಲ’, ‘ಅವರಪ್ಪನೂ ಹೀಗೇ ಇದ್ದ’. ಹೀಗೆನ್ನುತ್ತಲೇ ತಿಂಗಳುಗಳು ಕಳೆದುಹೋಗುತ್ತವೆ. ತೀವ್ರ ಅಪೌಷ್ಟಿಕತೆಗೆ ತುತ್ತಾದ ಮಗುವಿಗೆ ಒಂದು ಸಾಮಾನ್ಯ ಭೇದಿಯೂ ಪ್ರಾಣಕ್ಕೆ ಎರವಾಗಬಹುದು.

ಗುರುತಿಸುವುದು ಕಷ್ಟವಲ್ಲ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯ ಬಳಿ ಬಣ್ಣ ಬಣ್ಣದ ಒಂದು ಅಳತೆಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಅದನ್ನು ಸುತ್ತುತ್ತಾರೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗಿದ್ದರೆ ಮಧ್ಯಮ. ಇನ್ನೊಂದು ಲಕ್ಷಣ ಮೋಸಗೊಳಿಸುವಂಥದ್ದು. ಕೆಲವು ಮಕ್ಕಳ ಪಾದ, ಮುಖ ಊದಿಕೊಂಡು, ‘ಮೈಕೈ ತುಂಬಿಕೊಂಡಿದೆ’ ಎಂದು ಹೆತ್ತವರು ಸಂತೋಷಪಡುತ್ತಾರೆ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ನೋಡಿ. ಗುಳಿ ಹಾಗೇ ಉಳಿದರೆ ಅದು ಬಾವು, ಪುಷ್ಟಿಯಲ್ಲ. ಕೂಡಲೇ ವೈದ್ಯರಿಗೆ ತೋರಿಸಬೇಕು.

ಇಂಥ ಮಕ್ಕಳಿಗಾಗಿಯೇ ಜಿಲ್ಲಾ ಆಸ್ಪತ್ರೆಗಳಲ್ಲಿ, ಕೆಲವು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಚಿಕಿತ್ಸೆ ಉಚಿತ. ‘ಮನೆಯಲ್ಲೇ ಚೆನ್ನಾಗಿ ಉಣಿಸಿದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಬಹಳ ಸೊರಗಿದ, ಕಾಯಿಲೆಯೂ ಇರುವ ಮಗುವಿಗೆ ಒಮ್ಮೆಲೇ ಹೊಟ್ಟೆ ಬಿರಿಯೆ ಉಣಿಸುವುದೇ ಅಪಾಯ. ದುರ್ಬಲವಾದ ಹೃದಯ ಅದನ್ನು ತಾಳಲಾರದು. ಆದ್ದರಿಂದ ಅಲ್ಲಿ ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ತೆಳು ಆಹಾರವನ್ನು ರಾತ್ರಿಯೂ ಸೇರಿದಂತೆ ಕೆಲವೇ ಗಂಟೆಗಳಿಗೊಮ್ಮೆ ಕೊಡುತ್ತಾರೆ. ಹಸಿವು ಮರಳಿದ ಮೇಲೆ ಪುಷ್ಟಿಯನ್ನು ಹೆಚ್ಚಿಸುತ್ತಾರೆ. ಜೊತೆಗೆ ಸೋಂಕಿಗೆ ಔಷಧಿಯೂ ಉಂಟು. ಇದಕ್ಕೆಲ್ಲ ಸುಮಾರು ಹದಿನಾಲ್ಕು ದಿನ ಬೇಕು.

ತೊಡಕು ಇರುವುದೇ ಇಲ್ಲಿ. ತಾಯಿಗೂ ಅಲ್ಲೇ ಊಟ, ಕೂಲಿ ನಷ್ಟಕ್ಕೆ ಭತ್ಯೆ ಎಂಬ ಏರ್ಪಾಡಿದ್ದರೂ ಎಷ್ಟೋ ತಾಯಂದಿರು ಹೋಗಲು ಒಪ್ಪುವುದಿಲ್ಲ. ಹೋದವರೂ ನಾಲ್ಕು ದಿನಕ್ಕೆ ಹಿಂದಿರುಗುತ್ತಾರೆ. ಅವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಆದರೆ ಮನೆಯಲ್ಲಿರುವ ಇನ್ನಿಬ್ಬರು ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು? ಹಸುವಿಗೆ ಹುಲ್ಲು ಹಾಕುವವರು ಯಾರು? ಗಂಡನೂ ಕೂಲಿಗೆ ಹೋಗಬೇಕಲ್ಲ! ಸರಕಾರ ಹಾಸಿಗೆ ಕೊಡಬಲ್ಲದು, ನೆರೆಮನೆಯ ಅಕ್ಕನಾಗಲಾರದು.

ಆದ್ದರಿಂದ ನೆರವು ನೀಡಬಯಸುವವರು ಹಾರ್ಲಿಕ್ಸ್ ಡಬ್ಬಿ ಕೊಳ್ಳುವ ಮೊದಲು ಆ ಮನೆಯ ದಿನಚರಿಯನ್ನು ಕೇಳಿ ತಿಳಿಯಲಿ. ಬೆಳಗಿನ ಊಟ ಒಬ್ಬರು, ರಾತ್ರಿಯದು ಇನ್ನೊಬ್ಬರು, ಮಕ್ಕಳನ್ನು ಶಾಲೆಗೆ ಕಳುಹಿಸುವುದು ಮತ್ತೊಬ್ಬರು ಎಂದು ನಾಲ್ಕು ಮನೆಗಳು ಹಂಚಿಕೊಂಡರೆ ಹದಿನಾಲ್ಕು ದಿನ ಭಾರವಾಗದು. ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದ್ದರೆ ಅದರ ಸದಸ್ಯರಿಗೆ ತಿಳಿಸಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಮತ್ತು ಗೆಳೆಯರು ಆರಂಭಿಸಿದಂದಿನಿಂದಲೂ ಬಡವರ ಮನೆಗೇ ಹೋಗಿ ಕಾಣುವುದು ಆ ಸಭೆಯ ರೀತಿ. ಮಗುವಿನ ಹೆಸರನ್ನು ಮಾತ್ರ ಬಲಿಪೂಜೆಯ ಪ್ರಕಟಣೆಯಲ್ಲಿ ಓದಿಸಬೇಡಿ. ಬಡತನ ಬಯಲಾದೀತೆಂಬ ಅಂಜಿಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುವ ತಾಯಂದಿರಿದ್ದಾರೆ.

ಬಿಡುಗಡೆಯಾದ ಮೇಲೂ ಸುಮಾರು ಎರಡು ತಿಂಗಳು, ಹದಿನೈದು ದಿನಕ್ಕೊಮ್ಮೆ ಮಗುವನ್ನು ತೂಕಕ್ಕೆ ಕರೆದೊಯ್ಯಬೇಕು. ಆ ದಿನಾಂಕಗಳನ್ನು ತಾಯಿಯ ಜೊತೆಗೆ ನೆರೆಮನೆಯವರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.