ತೋಟದ ಮನೆಗೆ ಬಂದ ಸಂಬಳ

"ಊರಲ್ಲೇ ಕೂತು ಬೆಂಗಳೂರಿನ ಸಂಬಳ, ಮೇಲಿಂದ ಅಡಿಕೆಗೆ ತೆರಿಗೆ ಇಲ್ಲ. ಇನ್ನೇನು ಬೇಕು ನಿಮಗೆ?" ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಹೀಗೆ ಕೇಳುವುದು ಈಗ ಮಾಮೂಲು. ಕೇಳುವವರದು ಪ್ರೀತಿಯ ಮಾತೇ. ಆದರೆ ಅದರಲ್ಲಿರುವ ಲೆಕ್ಕ ಮುಕ್ಕಾಲು ಪಾಲು ಸರಿಯಲ್ಲ. ಅದನ್ನು ನಂಬಿ ನೌಕರಿ, ಮನೆ, ಜಮೀನಿನ ತೀರ್ಮಾನ ಮಾಡುವವರು ನಮ್ಮ ಸೀಮೆಯಲ್ಲಿ ಹೆಚ್ಚುತ್ತಿದ್ದಾರೆ. ಆದ್ದರಿಂದ ಈ ಸಲ ಅದನ್ನೇ ಬಿಡಿಸಿ ಬರೆಯುತ್ತೇನೆ.

2020ರ ಮಾರ್ಚ್‌ನ ಲಾಕ್‌ಡೌನ್ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಲ್ಯಾಪ್‌ಟಾಪ್ ಹಿಡಿದು ಮರಳಿದವರಲ್ಲಿ ನಾನೂ ಒಬ್ಬ. ಬಹುತೇಕರು ವಾಪಸ್ ಹೋದರು, ಕೆಲವರು ಉಳಿದೆವು. ಅದೇ ವರ್ಷ ಕೆರಿಬಿಯನ್ ದ್ವೀಪ ಬಾರ್ಬಡೋಸ್ ಹೊಸದೊಂದು ವೀಸಾ ಶುರು ಮಾಡಿತು. ಒಂದು ವರ್ಷ ಅಲ್ಲಿದ್ದು ಹೊರದೇಶದ ಕಂಪನಿಗೆ ದುಡಿಯಿರಿ, ನಮ್ಮ ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂಬ ಆಹ್ವಾನ ಅದು. ಮಾರಿಷಸ್ ಕೂಡ ದೂರದಿಂದ ದುಡಿಯುವವರಿಗೆ ಬಾಗಿಲು ತೆರೆಯಿತು. ಕಡಿಮೆ ತೆರಿಗೆಯ ದ್ವೀಪ ಹುಡುಕಿ ಹೋಗುವುದು ಜಗತ್ತಿನ ಒಂದು ವರ್ಗಕ್ಕೆ ಬದುಕಿನ ರೀತಿಯೇ ಆಗಿದೆ. ನಮ್ಮ ಜಿಲ್ಲೆಗೂ ಇದು ಹೊಸತಲ್ಲ. ಘಟ್ಟದ ಕೆಳಗೆ ಭಟ್ಕಳದ ಎಷ್ಟೋ ಮನೆಗಳು ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಕೊಲ್ಲಿ ದೇಶಗಳ ದುಡಿಮೆಯ ಮೇಲೆ ನಿಂತಿವೆ. ಅದಕ್ಕೆ ಆ ಮನೆಯವರು ತೆತ್ತ ಬೆಲೆ ಹೆಂಡತಿ ಮಕ್ಕಳನ್ನು ಬಿಟ್ಟು ಕಳೆದ ವರ್ಷಗಳು.

ಘಟ್ಟದ ಮೇಲೆ ಮನೆಯಲ್ಲೇ ಕೂತವರಿಗೆ ಆ ದಾರಿ ಇಲ್ಲ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದವರು ಕಾನೂನಿನ ಕಣ್ಣಿಗೆ ಇಲ್ಲಿನ ನಿವಾಸಿಗಳು. ಸಂಬಳ ದುಬೈನಿಂದ ಬರಲಿ, ಡಬ್ಲಿನ್‌ನಿಂದ ಬರಲಿ, ತೆರಿಗೆ ಇಲ್ಲೇ. ಕೋರಮಂಗಲಕ್ಕೆ ಯಾವ ದರವೋ ಸಿದ್ದಾಪುರಕ್ಕೂ ಅದೇ ದರ. ತಿಂಗಳಿಗೆ 200 ರೂಪಾಯಿಯ (ಫೆಬ್ರವರಿಯಲ್ಲಿ 300) ವೃತ್ತಿ ತೆರಿಗೆಯೂ ಬಿಡುವುದಿಲ್ಲ. ಹಾಗಾದರೆ ಉಳಿದದ್ದು ಅಡಿಕೆ.

ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಗಳದ್ದು, ಕೇಂದ್ರದ್ದಲ್ಲ. ಕೇಂದ್ರದ ಆದಾಯ ತೆರಿಗೆಯಿಂದ ಅದು ಹೊರಗಿರುವುದು ಇದಕ್ಕೇ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ವಿನಾಯಿತಿಗೆ ಧಕ್ಕೆಯಾಗಿಲ್ಲ. ಆದರೆ ಕೃಷಿ ಸಂಪತ್ತಿನ ತೆರಿಗೆ ಕುರಿತು 1972ರಲ್ಲಿ ವರದಿ ಕೊಟ್ಟ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಒಂದು ಉಪಾಯ ಹೇಳಿತು, 1973ರಲ್ಲಿ ಅದು ಜಾರಿಗೂ ಬಂತು. ಕೃಷಿ ಆದಾಯಕ್ಕೆ ನೇರ ತೆರಿಗೆ ಬೇಡ, ಆದರೆ ಬೇರೆ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನೂ ಸೇರಿಸಿ ನೋಡೋಣ ಎಂಬುದು ಅದರ ತಿರುಳು. ಕೃಷಿಯಿಂದ 5,000 ರೂಪಾಯಿಗಿಂತ ಹೆಚ್ಚು ನಿವ್ವಳ ಆದಾಯವಿದ್ದು, ಬೇರೆ ಆದಾಯ ತೆರಿಗೆಯ ಮಿತಿ ದಾಟಿದ್ದರೆ ಈ ನಿಯಮ ಅನ್ವಯಿಸುತ್ತದೆ. ಐದು ಸಾವಿರ ಅಂದರೆ ಈಗ ಎಷ್ಟು ಅಡಿಕೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಕಿ ಇಟ್ಟು ನೋಡೋಣ. 2025ರ ಬಜೆಟ್ ತಂದ ಹೊಸ ಪದ್ಧತಿಯ ದರಗಳನ್ನೇ ಹಿಡಿಯುತ್ತೇನೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಒಬ್ಬರ ಸಂಬಳ 14 ಲಕ್ಷ. ಸಂಬಳ ಮಾತ್ರ ಇದ್ದರೆ ತೆರಿಗೆ 90,000 ರೂಪಾಯಿ. ಅವರದೇ ಹೆಸರಿನ ತೋಟದಿಂದ ಖರ್ಚು ಕಳೆದು 4 ಲಕ್ಷ ಬಂತೆನ್ನಿ. ಮೊದಲು ಎರಡನ್ನೂ ಕೂಡಿಸಿ 18 ಲಕ್ಷಕ್ಕೆ ತೆರಿಗೆ ಹಾಕಬೇಕು, ಅದು 1,60,000. ಆಮೇಲೆ ಕೃಷಿಯ 4 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 8 ಲಕ್ಷಕ್ಕೆ ಹಾಕಬೇಕು, ಅದು 20,000. ಒಂದರಲ್ಲಿ ಇನ್ನೊಂದು ಕಳೆದರೆ 1,40,000. ತೆರಿಗೆಯೇ ಇಲ್ಲದ ಅಡಿಕೆ ಸಂಬಳದ ಮೇಲಿನ ತೆರಿಗೆಯನ್ನು 50,000 ಏರಿಸಿತು. ಅದರ ಮೇಲೆ ಶೇಕಡಾ 4 ಸೆಸ್ ಬೇರೆ. ಅಡಿಕೆಗೆ ಪೂರ್ತಿ ತೆರಿಗೆ ಇದ್ದಿದ್ದರೂ ಅವರು ಕಟ್ಟಬೇಕಾದದ್ದು 1,60,000. ಅಂದರೆ ವಿನಾಯಿತಿಯಿಂದ ಉಳಿದದ್ದು ಬರೀ 20,000.

12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದು ನಿರಾಳವಾಗಿರುವವರು ಇನ್ನಷ್ಟು ಎಚ್ಚರವಾಗಿರಬೇಕು. ಡಿಡಕ್ಷನ್ ಕಳೆದು ಸರಿಯಾಗಿ 12 ಲಕ್ಷ ಸಂಬಳ, ತೋಟದ್ದು 4 ಲಕ್ಷ ಎಂದಿಟ್ಟುಕೊಂಡರೆ ಮೇಲಿನ ಲೆಕ್ಕದಲ್ಲಿ ತೆರಿಗೆ ಒಂದು ಲಕ್ಷವಾಗುತ್ತದೆ. ರಿಬೇಟ್ 60,000ಕ್ಕಿಂತ ಹೆಚ್ಚು ಸಿಗದು. ಉಳಿದ 40,000 ಕಟ್ಟಲೇಬೇಕು. ಕಂಪನಿಗೆ ನಿಮ್ಮ ತೋಟದ ವಿಷಯ ಗೊತ್ತಿರುವುದಿಲ್ಲವಾದ್ದರಿಂದ ಸಂಬಳದಲ್ಲಿ ಹಿಡಿಯುವ ಟಿಡಿಎಸ್‌ನಲ್ಲಿ ಇದು ಸೇರಿರುವುದಿಲ್ಲ. ಬಾಕಿ 10,000 ದಾಟುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಇನ್ನೊಂದು ಮಾತು. ಕೃಷಿ ಆದಾಯ 5,000 ದಾಟಿದವರಿಗೆ ಸಹಜ್ ಎಂಬ ಸುಲಭದ ಫಾರ್ಮ್ ನಡೆಯುವುದಿಲ್ಲ. ಅದು 5 ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಎಷ್ಟಿದೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂದೆಲ್ಲ ರಿಟರ್ನ್‌ನಲ್ಲಿ ಬರೆಯಬೇಕು.

ನಮ್ಮ ಮನೆಯಲ್ಲಿ ಈ ಲೆಕ್ಕ ನನಗೆ ಬರುವುದಿಲ್ಲ. ತೋಟದ ಪಹಣಿ ಅಪ್ಪಯ್ಯನ ಹೆಸರಲ್ಲಿದೆ, ಅಡಿಕೆ ವಿಕ್ರಿಯೂ ಅವರ ಖಾತೆಗೇ. ಆದ್ದರಿಂದ ಆ ಆದಾಯ ಅವರದು. ಅವಿಭಕ್ತ ಕುಟುಂಬದ ತೋಟವಾದರೆ ಅದು ಕುಟುಂಬದ್ದು. ಮಗ ಊರಿಗೆ ಬಂದ ಕೂಡಲೇ ತೋಟವನ್ನು ಅವನ ಹೆಸರಿಗೆ ಮಾಡುವ ಉಮೇದು ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಆಗ ಮೇಲಿನ 50,000 ಅವನ ತಲೆಗೆ ಬರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಅಪ್ಪಯ್ಯನ ಮಾತು ಇನ್ನೂ ನೇರ: "ತೋಟದ ದುಡ್ಡು ತೋಟಕ್ಕೇ ಹೋಗ್ತು ಮಾಣಿ. ಅದ್ನ ನಿನ್ನ ಲೆಕ್ಕಕ್ಕೆ ಸೇರಿಸಡ." ಕೊಳೆರೋಗ ಬಂದ ವರ್ಷ ಬೋರ್ಡೋ ದ್ರಾವಣ ಹೊಡೆಸಿದ ಕೂಲಿಯೂ ಹುಟ್ಟದೆ ಇರುವುದನ್ನು ಕಂಡವರು ಅವರು.

ಹೊರಗಿನ ಕೆಲಸದ ಹಣವನ್ನು ಅಡಿಕೆಯ ಹಣವೆಂದು ತೋರಿಸುವ ಸಲಹೆಯೂ ಆಗಾಗ ಕಿವಿಗೆ ಬೀಳುತ್ತದೆ. ಅದನ್ನು ಮಾಡಲೇಬಾರದು. 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್‌ಎಸ್‌ನಿಂದ ಹಿಡಿದು ಈ ಸೀಮೆಯ ಸಹಕಾರಿ ಸಂಘಗಳ ಟೆಂಡರಿನಲ್ಲಿ ಅಡಿಕೆ ಮಾರುವ ನಮ್ಮಲ್ಲಿ ಪ್ರತಿ ಮೂಟೆಗೂ ದಾಖಲೆ ಇದೆ. ಚಾಲಿಯೋ ರಾಶಿಯೋ ಬೆಟ್ಟೆಯೋ, ತೂಕ ಎಷ್ಟು, ದರ ಎಷ್ಟು, ಎಲ್ಲ ಪಟ್ಟಿಯಲ್ಲಿರುತ್ತದೆ. ಅದು ಬೆಳೆಗಾರನ ಮರ್ಯಾದೆ ಕಾಯುವ ಕಾಗದ. ಒಂದು ಎಕರೆಯಲ್ಲಿ ಬೆಳೆಯಲಾಗದಷ್ಟು ಅಡಿಕೆಯನ್ನು ರಿಟರ್ನ್‌ನಲ್ಲಿ ಬೆಳೆಸಿದರೆ ಅನುಮಾನ ಬೀಳುವುದು ಅವನೊಬ್ಬನ ಮೇಲಲ್ಲ, ಕಷ್ಟಪಟ್ಟು ಬೆಳೆದ ಎಲ್ಲರ ಮೇಲೆ. ಯಾವುದು ಕೃಷಿ ಆದಾಯ ಎಂಬುದರಲ್ಲೂ ಗೊಂದಲ ಬೇಡ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಕೃಷಿಯದ್ದು, ಕಾಳುಮೆಣಸು ಕೃಷಿಯದ್ದು, ನರ್ಸರಿಯ ಸಸಿಯೂ ಕೃಷಿಯದ್ದು. ಹೋಮ್‌ಸ್ಟೇ, ಹಾಲು, ಜೇನು ಅಲ್ಲ.

ಹೆಂಡತಿಯ ಅಣ್ಣ ಯಲ್ಲಾಪುರದ ಹತ್ತಿರದ ಮನೆಯಿಂದ ಹೊರದೇಶದವರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತಾರೆ. ಅವರದು ಸಂಬಳವಲ್ಲ, ವೃತ್ತಿಯ ಆದಾಯ. ಅಂಥವರಿಗೆ ಒಂದು ಒಳ್ಳೆಯ ಅನುಕೂಲ ಕಾನೂನಿನಲ್ಲೇ ಇದೆ. ವರ್ಷದ ಒಟ್ಟು ಜಮೆ 50 ಲಕ್ಷದೊಳಗಿದ್ದರೆ, ನಗದು ವ್ಯವಹಾರ ತೀರ ಕಡಿಮೆಯಿರುವವರಿಗೆ 75 ಲಕ್ಷದವರೆಗೂ, ಅದರ ಅರ್ಧವನ್ನೇ ಆದಾಯ ಎಂದು ತೋರಿಸಿ ತೆರಿಗೆ ಕಟ್ಟಬಹುದು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ದೊಡ್ಡ ಲೆಕ್ಕಪುಸ್ತಕ ಬೇಡ. ನಮ್ಮ ಮೂರು ತಾಲ್ಲೂಕಿನಲ್ಲಿ ಹೀಗೆ ದುಡಿಯುವ ಹುಡುಗ ಹುಡುಗಿಯರಿಗೆ ಅಡಿಕೆಯ ವಿನಾಯಿತಿಗಿಂತ ಇದು ಎಷ್ಟೋ ದೊಡ್ಡದು.

ಇಷ್ಟಾದ ಮೇಲೂ ಊರಿನ ಬದುಕು ತೆರಿಗೆಯ ಲೆಕ್ಕದಲ್ಲಿ ಲಾಭವೇ. ಆ ಲಾಭ ಬೇರೆ ಕಡೆ ಇದೆ. ಬೆಂಗಳೂರಿನಲ್ಲಿ ನಾವು ತಿಂಗಳಿಗೆ 28,000 ಬಾಡಿಗೆ ಕೊಡುತ್ತಿದ್ದೆವು, ವರ್ಷಕ್ಕೆ 3,36,000. ಹೊಸ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲ. ಬಾಡಿಗೆ ಕೊಡಬೇಕಾದದ್ದು ತೆರಿಗೆ ಕಟ್ಟಿ ಕೈಗೆ ಬಂದ ಹಣದಿಂದ. ಶೇಕಡಾ 20ರ ದರದಲ್ಲಿರುವವರು 3,36,000 ಕೈಗೆ ತರಬೇಕಾದರೆ ಸೆಸ್ ಸೇರಿ 4,24,000ದಷ್ಟು ಸಂಬಳ ದುಡಿಯಬೇಕು. ಸ್ವಂತ ಮನೆಯಲ್ಲಿ ವಾಸವಿದ್ದರೆ ಆ ವಾಸಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. ಹಿತ್ತಲಿನ ಬಸಳೆ, ಕೊಟ್ಟಿಗೆಯ ಹಾಲು, ತೆಂಗಿನಕಾಯಿ, ಬಾಳೆಗೊನೆ, ಮನೆಮೆಣಸು ಯಾವುದಕ್ಕೂ ಇಲ್ಲ. ಕೊಳ್ಳದ ವಸ್ತುವಿಗೆ ಜಿಎಸ್‌ಟಿ ಇಲ್ಲ. ನಮ್ಮ ಸೀಮೆ ಕಡಿಮೆ ತೆರಿಗೆಯ ದ್ವೀಪವಾಗಿರುವುದು ಈ ಅರ್ಥದಲ್ಲಿ.

ಆದರೆ ಈ ದ್ವೀಪ ತಾನಾಗಿ ನಡೆಯುತ್ತಿಲ್ಲ. ಆ ಬಸಳೆಗೆ ನೀರು ಹಾಕುವವಳು ಆಯಿ. ಕೊಟ್ಟಿಗೆಗೆ ಬೆಟ್ಟದ ಸೊಪ್ಪು, ದರಕು ತರಿಸುವವರು ಅಪ್ಪಯ್ಯ. ಎಷ್ಟೋ ಮನೆಗಳಲ್ಲಿ ಓದು ಬಿಟ್ಟು ತೋಟಕ್ಕೆ ನಿಂತ ಅಣ್ಣನೋ ತಮ್ಮನೋ ಇರುತ್ತಾನೆ. ಕೊನೆಕೊಯ್ಲಿನ ದಿನ ಕೊನೆಗೌಡ ಮರದಿಂದ ಮರಕ್ಕೆ ಹೋಗುತ್ತಿರುವಾಗ, ಕೆಳಗೆ ಹಗ್ಗ ಹಿಡಿದವರು ಕೂಗುವಾಗ, ನಾನು ಮಾಳಿಗೆಯ ಮೇಲೆ ಕಿಟಕಿ ಮುಚ್ಚಿ ಮೀಟಿಂಗಿನಲ್ಲಿರುತ್ತೇನೆ. ರಾತ್ರಿ ಹಂಡೆಯ ಬುಡಕ್ಕೆ ಕಟ್ಟಿಗೆ ಒಡ್ಡುವವರೂ ಬೇರೆಯವರೇ. ಹೀಗಿರುವಾಗ ಬಾಡಿಗೆ ಉಳಿಯಿತೆಂದು ಅಷ್ಟನ್ನೂ ಮ್ಯೂಚುವಲ್ ಫಂಡಿಗೆ ಹಾಕಿ ಬೀಗುವುದು ನ್ಯಾಯವಲ್ಲ. ಬೆಂಗಳೂರಿನ ಮಾಲೀಕನಿಗೆ ಒಂದನೇ ತಾರೀಖಿಗೆ ತಪ್ಪದೆ ಬಾಡಿಗೆ ಹಾಕಿದವರು ಮನೆಗೂ ಅಷ್ಟೇ ನಿಯಮದಿಂದ ಹಣ ಹಾಕಬೇಕು. ಕೇಳುವವರೆಗೆ ಕಾಯಬಾರದು, ತಂದೆ ತಾಯಿ ಕೇಳುವುದಿಲ್ಲ. ಹತ್ತಿರದ ಸಂಬಂಧಿಗಳಿಗೆ ಹೀಗೆ ಕೊಡುವ ಹಣಕ್ಕೆ ಪಡೆದವರ ಕೈಯಲ್ಲೂ ತೆರಿಗೆ ಇಲ್ಲ. ನಾವು ಹಳೆಯ ಬಾಡಿಗೆಯ ಅರ್ಧವನ್ನು ಪ್ರತಿ ತಿಂಗಳೂ ಆಯಿಯ ಖಾತೆಗೆ ಹಾಕುತ್ತೇವೆ, ಅಪ್ಪಯ್ಯನ ಖಾತೆಗಲ್ಲ. ಅವಳ ದುಡಿಮೆಗೆ ಇಷ್ಟು ವರ್ಷ ಯಾವ ಪಟ್ಟಿಯೂ ಬಂದಿರಲಿಲ್ಲ.

ಮಳೆಗಾಲದ ಖರ್ಚು ಇನ್ನೊಂದು. ಜೂನ್ ಬಂತೆಂದರೆ ಬಿದಿರು ಮೆಳೆ ತಂತಿಯ ಮೇಲೆ ಬಾಗುತ್ತದೆ, ಮರ ಬೀಳುತ್ತದೆ, ಕರೆಂಟು ದಿನಗಟ್ಟಲೆ ಇಲ್ಲ. ಕಂಬದ ಮೇಲೆ ಹಾದ ಫೈಬರ್ ಅದರ ಜೊತೆಗೇ ಹರಿಯುತ್ತದೆ. ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಕ್ಕರಗಾಲಲ್ಲಿ ಕೂತು, ಇನ್ನೊಬ್ಬ ಹಿಡಿದ ಕೊಡೆಯ ಕೆಳಗೆ ಕೂದಲೆಳೆಯಂಥ ಎರಡು ಗಾಜಿನ ಎಳೆಗಳನ್ನು ಯಂತ್ರದಲ್ಲಿಟ್ಟು ಬೆಸೆಯುವ ಹುಡುಗನನ್ನು ಪ್ರತಿ ಮಳೆಗಾಲ ನೋಡುತ್ತೇನೆ. ನನ್ನ ಸಂಬಳ ಅವನ ಬೆರಳ ತುದಿಯಲ್ಲಿದೆ. ಒಳ್ಳೆಯ ಬ್ಯಾಟರಿ, ಛಾವಣಿಯ ಮೇಲೆ ಸೌರ ಫಲಕ, ಫೈಬರ್ ಹೋದಾಗ ಹಿಡಿಯಲು ಬೇರೆ ಕಂಪನಿಯ ಸಿಮ್, ಶಿರಸಿ ಪೇಟೆಯಲ್ಲಿ ಕೂತು ಕೆಲಸ ಮಾಡಲು ಒಂದು ಜಾಗ, ಇವನ್ನು ಮೊದಲ ವರ್ಷದ ಉಳಿತಾಯದಿಂದಲೇ ಮಾಡಿಕೊಳ್ಳಬೇಕು.

ಈ ನೌಕರಿ ಮನೆಯಿಂದಲೇ ಎಷ್ಟು ದಿನ ಎಂಬುದು ನಮ್ಮ ಕೈಯಲ್ಲಿಲ್ಲ. 2023ರ ಅಕ್ಟೋಬರ್‌ನಿಂದ ಟಿಸಿಎಸ್ ತನ್ನ ನೌಕರರನ್ನು ವಾರದ ಐದೂ ದಿನ ಕಚೇರಿಗೆ ಕರೆಯಿತು, ಬೇರೆಯವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದಿದ್ದಾರೆ. ಪತ್ರ ಬಂದ ತಿಂಗಳಲ್ಲೇ ಬೆಂಗಳೂರಿನಲ್ಲಿ ಮನೆ ಮಾಡಲು ಬೇಕಾದ ಅಡ್ವಾನ್ಸ್, ಸಾಮಾನು ಸಾಗಣೆ, ಮೂರು ತಿಂಗಳ ಖರ್ಚು ಬೇರೆ ಖಾತೆಯಲ್ಲಿರಬೇಕು. ಆ ಹಣವನ್ನು ತೋಟಕ್ಕೂ ಮುಟ್ಟಿಸಬಾರದು.

ಎಲ್ಲಕ್ಕಿಂತ ನನಗೆ ಭಯ ಆಸ್ಪತ್ರೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಆಗ ಎದ್ದ ಕೂಗು ನ್ಯಾಯವಾದದ್ದು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಮಣಿಪಾಲ ಅದಕ್ಕೂ ದೂರ. ಕಂಪನಿಯ ಆರೋಗ್ಯ ವಿಮೆ ನೌಕರಿಯ ಜೊತೆಗೇ ಹೋಗುತ್ತದೆ. ತಂದೆ ತಾಯಿಗೆ ವಯಸ್ಸಾದ ಮೇಲೆ ಹೊಸ ಪಾಲಿಸಿ ದುಬಾರಿ, ಇರುವ ಕಾಯಿಲೆಗೆ ಕಾಯುವ ಅವಧಿಯೂ ಇರುತ್ತದೆ. ಆದ್ದರಿಂದ ನೌಕರಿ ಇರುವಾಗಲೇ ಅವರ ಹೆಸರಲ್ಲಿ ಬೇರೆ ಪಾಲಿಸಿ ಮಾಡಿಸಿ. ಮಾಡಿಸುವ ಮೊದಲು ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ಯಾವ ಆಸ್ಪತ್ರೆಗಳಲ್ಲಿ ನಗದು ಕಟ್ಟದೆ ಸೇರಿಸಬಹುದು ಎಂಬ ಪಟ್ಟಿ ಕೇಳಿ ತೆಗೆದುಕೊಳ್ಳಿ. ಆಂಬುಲೆನ್ಸ್ ಖರ್ಚಿಗೆ ಮಿತಿ ಎಷ್ಟು ಎಂದೂ ಕೇಳಿ. ಬೆಂಗಳೂರಿನವರಿಗೆ ಅದು ಸಣ್ಣ ಕಲಮು, ನಮಗೆ ನೂರು ಕಿಲೋಮೀಟರಿನ ಪ್ರಶ್ನೆ.