ಮೊದಲು ಮನಸ್ಸಿಗೆ ಅಂಕ, ಆಮೇಲೆ ಬೆರಳಿಗೆ ಸೂಜಿ

ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರದಲ್ಲೇ ಎಷ್ಟೋ ಮನೆಗಳಿಗೆ ಗ್ಲುಕೋಮೀಟರ್ ಬಂದುಬಿಡುತ್ತದೆ. ಅದನ್ನು ಬಳಸುವುದನ್ನು ಔಷಧಿ ಅಂಗಡಿಯವರು ಎರಡು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಅದು ತೋರಿಸುವ ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳುವುದೇ ಕಷ್ಟ. ನಿನ್ನೆ 124 ಇದ್ದದ್ದು ಇವತ್ತು 169 ಏಕಾಯಿತು? ತಿಂದದ್ದು ಅದೇ ಎರಡು ಚಪಾತಿ, ನುಂಗಿದ್ದು ಅದೇ ಮಾತ್ರೆ. ಈ ಗೊಂದಲದಿಂದಲೇ ಪಾಠ ಶುರುಮಾಡೋಣ.

ಗುರಿ ಎಷ್ಟು?

ನಮ್ಮಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಇದೆ ಎಂದು ಅಳೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ 100ರ ಕೆಳಗಿದ್ದರೆ ಸಹಜ. 126 ಅಥವಾ ಅದಕ್ಕಿಂತ ಹೆಚ್ಚೆಂದು ಲ್ಯಾಬಿನಲ್ಲಿ ಖಚಿತವಾದರೆ ಮಧುಮೇಹ. ಕಾಯಿಲೆ ಇರುವ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರುವಾದ ಎರಡು ಗಂಟೆಗೆ 180ರೊಳಗೆ ಎಂಬುದು ಸಾಮಾನ್ಯ ಗುರಿ. ತೀರಾ ವಯಸ್ಸಾದವರಿಗೆ ಇದನ್ನು ಸಡಿಲಿಸುತ್ತಾರೆ, ಗರ್ಭಿಣಿಯರಿಗೆ ಬಿಗಿ ಮಾಡುತ್ತಾರೆ. ನಿಮ್ಮ ಗುರಿಯನ್ನು ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ಎಚ್‌ಬಿಎ1ಸಿ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಶೇಕಡಾ 7 ಬಂದರೆ ಸರಾಸರಿ ಸುಮಾರು 154 ಎಂದರ್ಥ. ಡಾಕ್ಟರ ಬಳಿ ಹೋಗುವ ಮುಂಚೆ ನಾಲ್ಕು ದಿನ ಪಥ್ಯ ಮಾಡಿ ಈ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಲಾಗದು. ಆದರೆ ಸರಾಸರಿಯಲ್ಲಿ ದಿನದ ಏರಿಳಿತ ಕಾಣುವುದಿಲ್ಲ. ಮನೆಯ ಪರೀಕ್ಷೆ ಬೇಕಾಗುವುದು ಅದಕ್ಕೇ.

ಚುಚ್ಚುವ ಕ್ರಮ

ಕೈಯನ್ನು ಸೋಪಿನಿಂದ ತೊಳೆದು, ಪೂರ್ತಿ ಒಣಗುವಂತೆ ಒರೆಸಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡರೆ ಬೆರಳಿಗಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಬೆರಳ ತುದಿಯ ನಟ್ಟನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ. ಅಲ್ಲಿ ನೋವು ಕಡಿಮೆ. ರಕ್ತ ಬರಲೆಂದು ಬಲವಾಗಿ ಹಿಂಡಬೇಡಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿ, ಒಲೆಯ ಬಿಸಿಯಿಂದಲೂ ಬಚ್ಚಲಿನ ತೇವದಿಂದಲೂ ದೂರವಿಡಿ. ಒಬ್ಬರ ಸೂಜಿಯನ್ನು ಇನ್ನೊಬ್ಬರು ಬಳಸಬಾರದು, ಗಂಡ ಹೆಂಡತಿಯಾದರೂ ಸರಿ.

ಒಳ್ಳೆಯ ಯಂತ್ರವೂ ಲ್ಯಾಬಿನ ಲೆಕ್ಕಕ್ಕಿಂತ ಶೇಕಡಾ 15ರವರೆಗೆ ಆಚೀಚೆ ಆಗಬಹುದೆಂದು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಹಾಗಾಗಿ 142 ಇದ್ದದ್ದು 150 ಆಯಿತೆಂದು ತಲೆ ಕೆಡಿಸಿಕೊಳ್ಳಬೇಡಿ. 45 ಏರಿದೆ ಎಂದಾಗ ಮಾತ್ರ ಕಾರಣ ಹುಡುಕಬೇಕು.

ತಿನ್ನದಿದ್ದರೂ ಏರುವುದೇಕೆ?

ನಮ್ಮ ಲಿವರ್ ಸಕ್ಕರೆಯ ಕಣಜ. ಉಂಡಾಗ ಮಿಕ್ಕದ್ದನ್ನು ಗ್ಲೈಕೋಜನ್ ರೂಪದಲ್ಲಿ ತುಂಬಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಮಗಳ ಕಾಲೇಜು ಫೀಸಿಗೆ ಹಣ ಹೊಂದದ ದಿನ, ಮೇಲಧಿಕಾರಿ ಎಲ್ಲರೆದುರು ಗದರಿದ ದಿನ, ದೇಹದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಏರುತ್ತವೆ. ಓಡಲೋ ಹೊಡೆದಾಡಲೋ ಶಕ್ತಿ ಬೇಕಾದೀತೆಂದು ಲಿವರ್ ಸಕ್ಕರೆ ಬಿಡುತ್ತದೆ. ನೀವೋ ಕುರ್ಚಿಯಿಂದ ಏಳುವುದೇ ಇಲ್ಲ. ಸಾಲದ್ದಕ್ಕೆ ಕಾರ್ಟಿಸಾಲ್ ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ಬರುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಆಗುವುದೂ ಹೆಚ್ಚುಕಡಿಮೆ ಇದೇ. ಟೈಪ್ 1 ಇರುವ ಕೆಲವರಲ್ಲಿ ಒತ್ತಡದಿಂದ ಸಕ್ಕರೆ ಇಳಿಯುವುದೂ ಉಂಟು.

ಇನ್ನೊಂದು ದಾರಿಯೂ ಇದೆ. ಚಿಂತೆಯಲ್ಲಿರುವವರು ಮಾತ್ರೆ ಮರೆಯುತ್ತಾರೆ, ವಾಕಿಂಗ್ ಬಿಡುತ್ತಾರೆ, ಹೊತ್ತು ಮೀರಿ ಉಣ್ಣುತ್ತಾರೆ, ಸಕ್ಕರೆ ಹಾಕಿದ ಕಾಫಿ ಮತ್ತೊಂದು ಲೋಟ ಕುಡಿಯುತ್ತಾರೆ. ನಿಮ್ಮ ಸಕ್ಕರೆ ಯಾವ ದಾರಿಯಲ್ಲಿ ಏರಿತು ಎಂಬುದನ್ನು ಯಂತ್ರ ಹೇಳುವುದಿಲ್ಲ, ನೀವು ಬರೆದಿಡುವ ಪುಸ್ತಕ ಹೇಳುತ್ತದೆ.

ಎರಡು ವಾರದ ಅಭ್ಯಾಸ

ಚುಚ್ಚುವ ಮುಂಚೆ ಆ ಹೊತ್ತಿನ ಮನಸ್ಸಿನ ಭಾರಕ್ಕೆ 1ರಿಂದ 10ರೊಳಗೆ ಒಂದು ಅಂಕ ಬರೆಯಿರಿ. ನಿರಾಳವಾಗಿದ್ದರೆ 1, ತಡೆಯಲಾಗದಷ್ಟಿದ್ದರೆ 10. ಈ ಕ್ರಮ ತಪ್ಪಬಾರದು. 210 ಎಂದು ಕಂಡ ಮೇಲೆ ಯಾರ ಮನಸ್ಸಾದರೂ ಭಾರವಾಗುತ್ತದೆ, ಅಂಕ ಸುಳ್ಳಾಗುತ್ತದೆ. ಪುಟ ಹೀಗಿರಲಿ:

ಸೋಮವಾರ, ರಾತ್ರಿ ಊಟಕ್ಕೆ ಮುಂಚೆ: ಮನಸ್ಸು 3, ಸಕ್ಕರೆ 124. ಸಂಜೆ ವಾಕಿಂಗ್ ಆಯಿತು.
ಬುಧವಾರ, ಅದೇ ಹೊತ್ತು: ಮನಸ್ಸು 8, ಸಕ್ಕರೆ 169. ಬ್ಯಾಂಕಿನ ನೋಟಿಸ್ ಬಂತು. ವಾಕಿಂಗ್ ಇಲ್ಲ.
ಶುಕ್ರವಾರ, ಅದೇ ಹೊತ್ತು: ಮನಸ್ಸು 8, ಸಕ್ಕರೆ 131. ಚಿಂತೆ ಹಾಗೇ ಇದೆ. ವಾಕಿಂಗ್ ಹೋದೆ.

ಇದು ಮಾದರಿಗಷ್ಟೇ ಬರೆದ ಪುಟ. ಆದರೂ ಬುಧವಾರವನ್ನೂ ಶುಕ್ರವಾರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿಂತೆ ಅಷ್ಟೇ ಇದೆ, ಬದಲಾದದ್ದು ನಡಿಗೆ. ನಿಮ್ಮ ಪುಸ್ತಕದಲ್ಲೂ ಹೀಗೇ ಮತ್ತೆ ಮತ್ತೆ ಕಂಡರೆ ನಿಮಗೊಂದು ಉಪಾಯ ಸಿಕ್ಕಿತು ಎಂದುಕೊಳ್ಳಿ. ಒಂದೇ ದಿನದ ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ.

ದಿನಕ್ಕೆ ಎಷ್ಟು ಸಲ ಚುಚ್ಚಬೇಕು? ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಲವು ಸಲ ಬೇಕಾಗಬಹುದು. ಮಾತ್ರೆಯಷ್ಟೇ ಇರುವವರಲ್ಲಿ ಅನೇಕರಿಗೆ ವಾರಕ್ಕೆ ಕೆಲವು ಸಲ ಸಾಕಾಗುತ್ತದೆ. ಗಳಿಗೆಗೊಮ್ಮೆ ಚುಚ್ಚಿ ನೋಡುವ ಆತಂಕವೂ ಒಂದು ಒತ್ತಡವೇ. ಲೆಕ್ಕವನ್ನು ವೈದ್ಯರ ಜತೆ ಕೂತು ನಿಗದಿ ಮಾಡಿಕೊಳ್ಳಿ.

ನಡುಕ ಬಂದರೆ ಮೊದಲು ಮೀಟರ್

ಬೆವರು, ಕೈ ನಡುಕ, ಎದೆ ಢವಢವ. ಟೆನ್ಷನ್ ಆದಾಗಲೂ ಹೀಗೇ, ಸಕ್ಕರೆ ತೀರಾ ಇಳಿದಾಗಲೂ ಹೀಗೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಬರೀ ಗಾಬರಿ ಎಂದು ತಳ್ಳಿಹಾಕಬಾರದು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ, ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಮೀಟರ್ ಕೈಗೆಟುಕದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. 300 ದಾಟಿ ಇಳಿಯದಿದ್ದರೂ, ಅದರ ಜತೆ ವಾಂತಿ, ಏದುಸಿರು ಇದ್ದರಂತೂ ತಡಮಾಡದೆ ಹೊರಡಿ.

ಪುಸ್ತಕ ಏನು ಹೇಳೀತು?

ಎರಡು ವಾರದ ನಂತರ ಮನಸ್ಸಿನ ಅಂಕವೂ ಸಕ್ಕರೆಯೂ ಜತೆಜತೆಗೆ ಏರಿಳಿದಿದ್ದರೆ ನಿದ್ದೆ, ನಡಿಗೆ, ನಿಧಾನದ ಉಸಿರಾಟ, ಬೇಕಾದರೆ ಆಪ್ತಸಲಹೆಗಾರರ ಭೇಟಿ, ಇವೂ ನಿಮ್ಮ ಚಿಕಿತ್ಸೆಯ ಭಾಗವೇ. ಎರಡಕ್ಕೂ ತಾಳಮೇಳ ಇಲ್ಲದಿದ್ದರೆ ಪ್ರತಿ ಸಲ "ಟೆನ್ಷನ್ನಿಂದ ಶುಗರ್ ಏರಿತು" ಎಂದು ಸಮಾಧಾನ ಹೇಳಿಕೊಳ್ಳುವುದನ್ನು ಬಿಟ್ಟು, ತಟ್ಟೆಯ ಕಡೆಗೂ ಮಾತ್ರೆಯ ಕಡೆಗೂ ನೋಡಬೇಕು. ಮಾತ್ರೆಯನ್ನು ನೀವಾಗಿಯೇ ಹೆಚ್ಚುಕಡಿಮೆ ಮಾಡಬೇಡಿ. ಮುಂದಿನ ಭೇಟಿಗೆ ಪುಸ್ತಕ ತೆಗೆದುಕೊಂಡು ಹೋಗಿ ವೈದ್ಯರ ಮುಂದಿಡಿ. ಡೋಸು ಬದಲಿಸಬೇಕೋ ಬೇಡವೋ ಎಂದು ಅವರು ಅಂದಾಜಿನ ಮೇಲೆ ಹೇಳಬೇಕಾಗುವುದಿಲ್ಲ.