ನವಿಲಿಗೆ ಬೆಸುಗೆ ಹಾಕಿಸಿದವರು

ಗಾಳಿಗೆ ತಿರುಗುವ ಶಿಲ್ಪ ಮಾಡುವವರಿಗೆ ನನ್ನದೊಂದೇ ಮಾತು: ಗಾಳಿ ಜೋರಾದಾಗ ಅದು ಮುಖ ತಿರುಗಿಸಿಕೊಳ್ಳಲು ಬಿಡಿ. ನಮ್ಮೂರಿನ ವೆಲ್ಡಿಂಗ್ ಶಾಪಿನ ಹುಡುಗ ಇದನ್ನು ಮೊದಲೇ ಹೇಳಿದ್ದ. ಕೇಳಬೇಕಾದವರು ಕೇಳಲಿಲ್ಲ.

ಕಪ್ಪತಗುಡ್ಡದ ಸೆರಗಿನ ಊರು ನಮ್ಮದು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ಹುಡುಗರು ಅಗಸಿ ಮುಂದೆ ನವಿಲೊಂದನ್ನು ನಿಲ್ಲಿಸಿದರು. ಗರಿಗಳಿಗೆ ಎಣ್ಣೆ ಡ್ರಮ್ಮಿನ ತಗಡು, ನಡುವಿನ ಗುಂಬಕ್ಕೆ ಗುಜರಿ ಟ್ರ್ಯಾಕ್ಟರಿನ ಮುಂದಿನ ಗಾಲಿಯ ಹಬ್, ಬಣ್ಣ ಬೋರ್ಡ್ ಬರೆಯುವವನದು. ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ನಕ್ಷೆ ತೆಗೆದುಕೊಟ್ಟೆ. ಗಾಳಿ ಬಂದತ್ತ ಹೊರಳಲು ಕಂಬದ ತಲೆಗೆ ತಿರುಗಣಿ. ಬಿರುಸಾದರೆ ಗರಿಚಕ್ರ ಓರೆಯಾಗಲು ಸ್ಪ್ರಿಂಗಿಗೆ ಕಟ್ಟಿದ ಚುಕ್ಕಾಣಿ ತಗಡು.

ಉದ್ಘಾಟನೆಯ ಹಿಂದಿನ ದಿನ ಇಂಜಿನಿಯರ್ ಬಂದರು. “ಸಾಹೇಬ್ರು ಭಾಷಣ ಮಾಡೂವಾಗ ಇದು ವೇದಿಕೆಗೆ ಬೆನ್ನು ಮಾಡಿ ನಿಂತ್ರ ಹೆಂಗ್ರಿ ಮಾಸ್ತರ? ಬೆಸುಗೆ ಹಾಕಸ್ರಿ.”

“ಸರ, ಕಟ್ಟಿ ಹಾಕಿದ್ರ ಆಷಾಢದ ಗಾಳಿ ಸುಮ್ನ ಬಿಡಂಗಿಲ್ರಿ” ಅಂದ ಹುಡುಗ.

ಬಿಲ್ಲಿಗೆ ಸಹಿ ಇಂಜಿನಿಯರರದು. ತಿರುಗಣಿಗೆ ಬೆಸುಗೆ ಬಿತ್ತು. ನವಿಲು ಪಡುವಲಕ್ಕೆ ಮುಖ ಮಾಡಿ ನಿಂತಿತು. ಫೋಟೋಗಳೇನೋ ಚೆನ್ನಾಗಿ ಬಂದವು. ಆಷಾಢದ ಗಾಳಿ ಬೀಸುವುದೂ ಪಡುವಲದಿಂದಲೇ.

ಆ ಗಾಳಿ ಬಿರುಸಾದ ದಿನ ಸಂತೆ. ನೋಡನೋಡುತ್ತಿದ್ದಂತೆ ಗರಿಗಳು ಬಿಡಿಬಿಡಿಯಾಗಿ ಕಾಣುವುದು ನಿಂತು ಬರೀ ಬಣ್ಣ ಉಳಿಯಿತು. ಆಮೇಲೆ ಕಿವಿಗಡಚಿಕ್ಕುವ ಸೀಟಿ. ಒಂದು ಗರಿ ಕಿತ್ತು ಹಾರಿ ಉಳ್ಳಾಗಡ್ಡಿ ರಾಶಿಗೆ ನಾಟಿತು. ರಾಶಿಯ ಹಿಂದೆ ತಕ್ಕಡಿ ಹಿಡಿದು ಕೂತಿದ್ದ ಮುದುಕಿಯ ಮೊಣಕಾಲಿಗೂ ಆ ತಗಡಿಗೂ ಗೇಣು ಅಂತರ. ಗರಿ ಹೋದ ಕಡೆ ಹಗುರಾಗಿ ಚಕ್ರ ತೂಕ ತಪ್ಪಿತು. ಕಂಬ ನಡುಗಿ ಬುಡದ ಬೋಲ್ಟಿನ ಸುತ್ತ ಕಾಂಕ್ರೀಟು ಪುಡಿ ಉದುರತೊಡಗಿತು. ಕರೆಂಟು ಹೋಗಿತ್ತು, ಗ್ರೈಂಡರ್ ನಡೆಯುವಂತಿರಲಿಲ್ಲ. ನಾವು ಜನರನ್ನು ದೂರ ಅಟ್ಟುತ್ತಿದ್ದರೆ ಆ ಹುಡುಗ ಹಿಂಬದಿಗೆ ನಿಚ್ಚಣಿಕೆ ಹಚ್ಚಿ, ಸುತ್ತಿಗೆ, ಚಾಣ ಹಿಡಿದು ಏರಿಯೇಬಿಟ್ಟ. ಬೇಡವೋ ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ತಲೆಯ ಮೇಲೆ ತಗಡು ಗಿರಗುಟ್ಟುತ್ತಿದ್ದಂತೆ ಬೆಸುಗೆಯ ಟಾಕಾ ಒಂದೊಂದಾಗಿ ಒಡೆದ. ಕೊನೆಯದು ಬಿಟ್ಟದ್ದೇ ನವಿಲು ತಾನಾಗಿ ಓರೆಯಾಯಿತು, ಚಕ್ರ ಮೆತ್ತಗಾಯಿತು. ಅವನು ಕಟ್ಟಿದ ಸ್ಪ್ರಿಂಗು ತನ್ನ ಕೆಲಸ ಮಾಡಿತ್ತು.

ನೋಟಿಸ್ ಮಾತ್ರ ನಮಗೆ ಬಂತು: “ಆಟಿಕೆ ತಯಾರಿಸಿದವರ ನಿರ್ಲಕ್ಷ್ಯ.” ಆಟಿಕೆಯಂತೆ! ಅಮೆರಿಕದ ಲುಕಾಮಾ ಎಂಬ ಸಣ್ಣ ಊರಿನ ಯಂತ್ರ ರಿಪೇರಿಗಾರ ವೋಲಿಸ್ ಸಿಂಪ್ಸನ್ ಗುಜರಿ ಸಾಮಾನಿನಿಂದ ಮಾಡಿದ ಇಂಥವೇ ಗಾಳಿತಿರುಗಣಿಗಳನ್ನು ನಾರ್ತ್ ಕೆರೊಲಿನಾ ರಾಜ್ಯ 2013ರಲ್ಲಿ ತನ್ನ ಅಧಿಕೃತ ಜನಪದ ಕಲೆ ಎಂದು ಸಾರಿತು. 2017ರಲ್ಲಿ ಹತ್ತಿರದ ವಿಲ್ಸನ್ ಪಟ್ಟಣದಲ್ಲಿ ಅವಕ್ಕೆಂದೇ ಉದ್ಯಾನ ತೆರೆಯಿತು. ನೋಟಿಸಿನ ಉತ್ತರದಲ್ಲಿ ಇಷ್ಟನ್ನೂ ಬರೆದೆ. ಮರುಮಾತಿಲ್ಲ.

ಇಂಥದ್ದು ಮಾಡಲು ಹೊರಟವರಿಗೆ ಇಷ್ಟು ಸಾಕು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಚಕ್ರವನ್ನು ಕೈಯಿಂದ ತಿರುಗಿಸಿ ಬಿಡಿ. ಪ್ರತಿಸಲ ಒಂದೇ ಗರಿ ಕೆಳಗೆ ಬಂದು ನಿಂತರೆ ಎದುರಿನದಕ್ಕೆ ತೂಕ ಸೇರಿಸಿ. ಮಳೆಗಾಲಕ್ಕೆ ಮುಂಚೆ ಬೇರಿಂಗಿಗೆ ಗ್ರೀಸ್ ತುಂಬಿ. ಅಧಿಕಾರಿಗಳು ಏನೇ ಬದಲಿಸಿ ಎಂದರೂ ಬರೆದುಕೊಡಿ ಎನ್ನಿ. ಉದ್ಘಾಟನೆ ಶ್ರಾವಣಕ್ಕಿರಲಿ: ಆಷಾಢದಲ್ಲಿ ಹೇಗೂ ಶುಭಕಾರ್ಯವಿಲ್ಲ, ಗಾಳಿಯ ಪರೀಕ್ಷೆಯೂ ಮುಗಿದಿರುತ್ತದೆ.